ಉಳಿಸಿಕೊಂಡ ಮಾತು

ಎಡಗೈಯ ಎರಡು ಬೆರಳುಗಳಿಂದ ಕೆನ್ನೆಯ ಚರ್ಮವನ್ನು ಕಿವಿಯ ಕಡೆಗೆ ಎಳೆದು ಹಿಡಿದು, ಬಲಗೈಯ ರೇಜರನ್ನು ಗಲ್ಲದವರೆಗೆ ಇಳಿಸುತ್ತಿದ್ದ ಕಾಸ್ಮಿರ್ ತಾವ್ರೊ ಅರ್ಧದಲ್ಲೇ ನಿಂತ. ಗಡ್ಡ ತೆಗೆಯುವುದಕ್ಕೂ ಎರಡು ಕೈ ಬೇಕು. ಇದು ಇವತ್ತು ಹೊಸದಾಗಿ ಹೊಳೆದದ್ದೇನಲ್ಲ. ಮೇ ತಿಂಗಳಿಂದ ಈಚೆಗೆ, ಅಂದರೆ ಸರಿಸುಮಾರು ನಾಲ್ಕೂವರೆ ತಿಂಗಳಿಂದ, ಎರಡು ಕೈ ಬೇಕಾಗುವ ಕೆಲಸಗಳು ತಾವಾಗಿಯೇ ಬಂದು ಅವನ ಕಣ್ಣೆದುರು ನಿಲ್ಲುತ್ತಿದ್ದವು. ಅಂಗಿಯ ಗುಂಡಿ ಹಾಕುವುದು, ಬಾವಿಯಿಂದ ನೀರು ಸೇದುವುದು, ಕೊಡೆ ಬಿಡಿಸುವುದು, ಇಗರ್ಜಿಯಲ್ಲಿ ಕೈ ಮುಗಿಯುವುದು. ಒಂದೇ ಕೈಯಲ್ಲಿ ಪ್ರಾರ್ಥನೆ ಮಾಡುವವನು ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳುತ್ತಾನೆ ಎಂಬ ಯೋಚನೆ ಪೂಜೆಯ ನಡುವೆ ಒಮ್ಮೆ ಬಂದು, ಅವನು ಮಂಡಿಯೂರಿದ್ದಲ್ಲೇ ಬೆವರಿದ್ದ. ಕನ್ನಡಿಯ ಪಕ್ಕದ ಮೊಳೆಗೆ ಸಿಕ್ಕಿಸಿದ್ದ ಸರಕಾರಿ ಕಾಗದ ಗಾಳಿಗೆ ಅಲುಗುತ್ತಿತ್ತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಪುತ್ತೂರಿನ ಪ್ರವಾಸಿ ಬಂಗಲೆಯಲ್ಲಿ, ಗುತ್ತಿಗಾರಿನ ಕುಕ್ಕಪ್ಪ ಎಂಬವನು ಮರದ ಮಿಲ್ಲಿನಲ್ಲಿ ಬಲಗೈ ಕಳೆದುಕೊಂಡ ಬಗ್ಗೆ ವಿಚಾರಣೆ. ಸಾಕ್ಷಿ ಹೇಳಲು ತಾವು ಹಾಜರಾಗತಕ್ಕದ್ದು. ಇವತ್ತು ಮಂಗಳವಾರ. ಹೆಂಡತಿ ನತಾಲಿಯಾ ಅಡಿಗೆಮನೆಯಿಂದಲೇ, ಲಾದ್ರು ಮಾಮ್ ಹೇಳಿ ಕಳಿಸಿದ್ದಾರೆ, ಕಾಲೇಜು ಬಿಟ್ಟ ಮೇಲೆ ಮಿಲ್ಲಿನ ಕಡೆ ಬಂದು ಹೋಗಬೇಕಂತೆ ಎಂದಳು. ಲಾದ್ರು ಅವಳ ಸೋದರಮಾವ, ಆ ಮಿಲ್ಲಿನ ಯಜಮಾನ. ಅವಳು ಅಷ್ಟೇ ಹೇಳಿ ತೆಂಗಿನಕಾಯಿ ತುರಿಯಲು ಕೂತಳು. ಇಷ್ಟು ದಿನಗಳಲ್ಲಿ ಒಮ್ಮೆಯೂ ಅವಳು, ಆ ದಿನ ನೀವು ಎಂತ ನೋಡಿದ್ದು ಎಂದು ಕೇಳಿರಲಿಲ್ಲ. ತುರಿಯುವ ಸದ್ದು ಕೇಳಿಸಿತು. ಅದಕ್ಕೂ ಎರಡು ಕೈ ಬೇಕು.

ಊರಿನವರಿಗೆ ಅವನು ತಾವ್ರೊ ಮಾಸ್ಟ್ರು. ಪಾದ್ರಿಯಾಗಲು ಎಂಟು ವರ್ಷ ಓದಿ, ದೀಕ್ಷೆಗೆ ಒಂದು ವರ್ಷ ಉಳಿದಿರುವಾಗ ಟ್ರಂಕು ಎತ್ತಿಕೊಂಡು ಮನೆಗೆ ಬಂದವನು. ಬಂದದ್ದು ಏಕೆಂದು ಯಾರೂ ಕೇಳದ ಹಾಗೆ ಅವನು ಬದುಕಿದ್ದ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ, ಶನಿವಾರ ಕ್ರಿಸ್ತುವ ಮಕ್ಕಳಿಗೆ ನೀತಿ ಪಾಠ ಹೇಳುತ್ತಿದ್ದ. ತಿಂಗಳ ಮೊದಲ ಭಾನುವಾರ ಇಗರ್ಜಿಯ ಹಾಲಿನಲ್ಲಿ ಸೇರುವ ಅಧ್ಯಯನ ಕೂಟ ಅವನೇ ಕಟ್ಟಿ ಬೆಳೆಸಿದ್ದು. ವಕೀಲರು, ಡಾಕ್ಟರು, ಅಂಗಡಿಯವರು, ಶಾಲೆಯ ಮಾಸ್ಟ್ರುಗಳು ಅಲ್ಲಿಗೆ ಬರುತ್ತಿದ್ದರು. ಭಾನುವಾರ ಇಗರ್ಜಿಯಲ್ಲಿ ಕೇಳಿದ ದೇವರ ಮಾತು ಸೋಮವಾರ ಅಂಗಡಿಗೂ ಆಫೀಸಿಗೂ ಹೇಗೆ ಹೋಗಬೇಕು ಎಂಬುದು ಅಲ್ಲಿಯ ಚರ್ಚೆ. ರೋಮಿನಿಂದ ಹೋದ ವರ್ಷ ಬಂದ, ದುಡಿಯುವವರ ಬಗೆಗಿನ ಪತ್ರವನ್ನು ಅವನು ಲ್ಯಾಟಿನಿನಿಂದ ಕನ್ನಡಕ್ಕೆ ತರುತ್ತಿದ್ದ. ಒಂದೊಂದು ಪದಕ್ಕೆ ವಾರಗಟ್ಟಲೆ ಒದ್ದಾಡುವುದು ಅವನಿಗೆ ಸುಖ. ಬಾಯಲ್ಲಿ ಅರ್ಧ ಹೇಳಿ ಮನಸ್ಸಿನಲ್ಲಿ ಅರ್ಧ ಇಟ್ಟುಕೊಂಡು, ಕೇಳುವವನು ತಾನಾಗಿ ತಪ್ಪು ತಿಳಿಯುವಂತೆ ಬಿಡುವುದಕ್ಕೆ ನೀತಿಶಾಸ್ತ್ರದಲ್ಲಿ ಒಂದು ಹೆಸರುಂಟು. ಅದಕ್ಕೆ ಅವನು ‘ಉಳಿಸಿಕೊಂಡ ಮಾತು’ ಎಂದು ಕನ್ನಡ ಕಟ್ಟಿದ್ದ. ಯಜಮಾನರು ಒಳಗೆ ಮಲಗಿರುವಾಗ ಬಾಗಿಲಿಗೆ ಬಂದವನಿಗೆ ಕೆಲಸದವಳು ‘ಯಜಮಾನರು ಇಲ್ಲ’ ಅನ್ನುತ್ತಾಳೆ. ‘ನಿಮಗೆ ಸಿಗುವಂತೆ’ ಎಂಬುದನ್ನು ಒಳಗೇ ಉಳಿಸಿಕೊಳ್ಳುತ್ತಾಳೆ. ಇದು ಸುಳ್ಳೋ ಅಲ್ಲವೋ? ಹಳೆಯ ಪಂಡಿತರು ಕೆಲವರು ಅಲ್ಲ ಎಂದಿದ್ದರು. ಅವನು ಹೌದು ಎನ್ನುತ್ತಿದ್ದ. ಎರಡು ವರ್ಷದ ಹಿಂದೆ ಕೂಟದಲ್ಲಿ ಲಾದ್ರು ಮಾಮ್ ಎದ್ದು, ಗೋದಾಮಿನಲ್ಲಿ ಮಾಲು ಇದ್ದರೂ ಇಲ್ಲ ಅನ್ನುವ ವ್ಯಾಪಾರಿಯ ಗತಿಯೆಂತ ಎಂದು ತಮಾಷೆಗೆ ಕೇಳಿದಾಗ, ಅರ್ಧ ಸತ್ಯ ಹೇಳುವವನು ಸುಳ್ಳನ ಕೆಲಸವನ್ನೂ ಪುಕ್ಕಲನ ಕೆಲಸವನ್ನೂ ಒಟ್ಟಿಗೆ ಮಾಡುತ್ತಾನೆ ಎಂದು ಕಾಸ್ಮಿರ್ ಎಲ್ಲರೆದುರು ಉತ್ತರ ಕೊಟ್ಟಿದ್ದ. ಜನ ನಕ್ಕಿದ್ದರು. ಲಾದ್ರು ಮಾಮ್ ಕೂಡ ನಕ್ಕು, ಕೂತು, ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡದ್ದು ಅವನಿಗೆ ಕಂಡಿತ್ತು. ಕಂಡು ಖುಷಿಯಾಗಿತ್ತು.

ಮಂಗಳವಾರದ ತರಗತಿಯಲ್ಲಿ, ಕರಿಹಲಗೆಯ ಮೇಲೆ ಎರಡು ವಾಕ್ಯ ಬರೆದು ಮೂರನೆಯದನ್ನು ಹುಡುಗರಿಂದ ಹೇಳಿಸಬೇಕಾದಲ್ಲಿ ಅವನು ಸೀಮೆಸುಣ್ಣ ಹಿಡಿದು ನಿಂತ. ಕಿಟಕಿಯ ಆಚೆ ಎಲ್ಲೋ ಯಾರೋ ಮರ ಸೀಳುತ್ತಿದ್ದರು. ಮೇ ಒಂದರಂದು, ಕೆಲಸಗಾರನಾದ ಸಂತ ಜೋಸೆಫರ ಹಬ್ಬದ ದಿನ, ಮಿಲ್ಲಿನವರಿಗೆ ನಾಲ್ಕು ಮಾತು ಹೇಳಬೇಕೆಂದು ಲಾದ್ರು ಮಾಮ್‌ನನ್ನು ಒಪ್ಪಿಸಿದವನು ಅವನೇ. ಹೇಳಿದ ಹೊತ್ತಿಗಿಂತ ಮೊದಲೇ ಹೋಗಿದ್ದ. ಆಫೀಸಿನ ಬಾಗಿಲಲ್ಲಿ ನಿಂತು ಮಾಮ್ ಮೇಸ್ತ್ರಿ ತ್ಯಾಂಪಣ್ಣನಿಗೆ ಹೇಳುತ್ತಿದ್ದರು: ಚಕ್ರಗರಗಸದ ಮೇಲಿನ ಮುಚ್ಚಳ ತೆಗೆದಿಡು, ಭಾಷಣ ಮುಗಿಯುವಾಗ ಹೊತ್ತಾಗುತ್ತದೆ, ದೊಡ್ಡ ದಿಮ್ಮಿ ಎಲ್ಲ ಇವತ್ತೇ ಆಗಬೇಕು, ಮುಚ್ಚಳ ಇದ್ದರೆ ಕೈ ಓಡುವುದಿಲ್ಲ. ತ್ಯಾಂಪಣ್ಣ ಸ್ಪ್ಯಾನರು ತಂದು ತಿರುಪು ಬಿಚ್ಚಿ ತಗಡಿನ ಮುಚ್ಚಳವನ್ನು ಗೋಡೆಗೆ ಒರಗಿಸಿದ್ದನ್ನು ಕಾಸ್ಮಿರ್ ನೋಡಿದ. ನೋಡಿ, ತನ್ನ ಟಿಪ್ಪಣಿಯ ಚೀಟಿಯಲ್ಲಿ ಒಂದು ಶಬ್ದ ತಿದ್ದಿಕೊಂಡ. ಆಮೇಲೆ ದಿಮ್ಮಿಗಳ ಮೇಲೆ ಸಾಲಾಗಿ ಕೂತ ಗೌಡರು, ಬ್ಯಾರಿಗಳು, ನಾಲ್ಕೈದು ಕ್ರಿಸ್ತುವರ ಎದುರು ಮುಕ್ಕಾಲು ಗಂಟೆ ಮಾತನಾಡಿದ. ದೇವರ ಮಗ ಬಡಗಿಯಾಗಿದ್ದ, ಅವನ ಅಂಗೈಯಲ್ಲೂ ಜಡ್ಡು ಕಟ್ಟಿತ್ತು ಎಂದ. ಕೊನೆಯ ಸಾಲಿನಲ್ಲಿದ್ದ ಕುಕ್ಕಪ್ಪ, ನಲವತ್ತರ ಸಪೂರದ ಮನುಷ್ಯ, ಆ ಮಾತಿಗೆ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ಅದು ಸಾಕಾಯಿತು. ಪತ್ರದ ಅನುವಾದಕ್ಕೆ ಮುನ್ನುಡಿ ಬರೆಯಬೇಕಿತ್ತು. ಮುನ್ನುಡಿಯಲ್ಲಿ ಒಬ್ಬ ದುಡಿಯುವವನ ಬಾಯಿಂದ ಬಂದ ಒಂದು ಮಾತು ಇದ್ದರೆ ಎಷ್ಟು ಚೆನ್ನ ಎಂದು ಅವನಿಗೆ ಬಹಳ ದಿನದಿಂದ ಇತ್ತು. ಗರಗಸ ಶುರುವಾದ ಮೇಲೆ ಅವನು ಮನೆಗೆ ಹೋಗಬೇಕಿತ್ತು. ಹೋಗದೆ ಒಳಗೆ ನುಗ್ಗಿದ. ಮರದ ಹುಡಿ ಮೂಗಿಗೆ ಹೊಡೆಯಿತು. ಕುಕ್ಕಪ್ಪ ಎರಡೂ ಕೈಯಿಂದ ಹಲಗೆ ಒತ್ತಿ ತಳ್ಳುತ್ತಿದ್ದ. ಕಾಸ್ಮಿರ್ ಅವನ ಹೆಸರು ಹಿಡಿದು ಕೂಗಿದ, ಕೂಗಿ ತನ್ನ ಪ್ರಶ್ನೆ ಕೇಳಿದ. ಕುಕ್ಕಪ್ಪ ತಿರುಗಿದ. ಮಾಸ್ಟ್ರು ಎಂದು ಗುರುತು ಸಿಕ್ಕಿದ್ದೇ, ಮರ್ಯಾದೆಗೆ, ತಲೆಗೆ ಸುತ್ತಿದ್ದ ಬೈರಾಸು ತೆಗೆಯಲು ಎಡಗೈ ಎತ್ತಿದ. ಹಲಗೆಯ ಮೇಲೆ ಬಲಗೈ ಒಂದೇ ಉಳಿಯಿತು. ಹಲಗೆ ಹಾರಿತು. ಕಾಸ್ಮಿರನಿಗೆ ಮರೆಯಲಾಗದೆ ಹೋದದ್ದು ರಕ್ತವಲ್ಲ. ಗರಗಸದ ಸದ್ದು ಸ್ವಲ್ಪವೂ ಬದಲಾಗಲಿಲ್ಲ ಎಂಬುದು. ಮರಕ್ಕೂ ಕೈಗೂ ಅದು ಒಂದೇ ಸದ್ದು ಮಾಡಿತು. ತಿರುಗಿ ನೋಡಿದರೆ ಆಫೀಸಿನ ಬಾಗಿಲಲ್ಲಿ ಲಾದ್ರು ಮಾಮ್ ನಿಂತಿದ್ದರು, ಅವರ ಹಿಂದೆ ತ್ಯಾಂಪಣ್ಣ. ‘ಸರ್’ ಎಂದು ಮುಂದಿನ ಬೆಂಚಿನಿಂದ ಯಾರೋ ಅಂದರು. ಕರಿಹಲಗೆಯ ಮೂರನೆಯ ವಾಕ್ಯವನ್ನು ಅವನು ತಾನೇ ಬರೆದು ಮುಗಿಸಿದ.

ಸಂಜೆ ಲಾದ್ರು ಮಾಮ್ ಕುರ್ಚಿಯ ಹುಡಿಯನ್ನು ತಾವೇ ಕೊಡವಿ ಅವನನ್ನು ಕೂರಿಸಿದರು. ಚಹ ತರಿಸಿದರು. ನತಾಲಿಯಾಳ ಸೊಂಟನೋವಿನ ಬಗ್ಗೆ ಕೇಳಿದರು. ಅವರ ಕೊಂಕಣಿಯಲ್ಲಿ ಯಾವಾಗಲೂ ಮನೆಯೊಳಗಿನ ಒಂದು ಸಲಿಗೆ ಇರುತ್ತಿತ್ತು. ಮದುವೆಯ ಹೊತ್ತಿಗೆ, ಸೆಮಿನರಿ ಬಿಟ್ಟು ಬಂದವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಊರು ಪಿಸುಗುಟ್ಟುವಾಗ, ಅದೇ ಸಲಿಗೆಯಿಂದ ಅವರು ಅವನ ಭುಜದ ಮೇಲೆ ಕೈ ಹಾಕಿದ್ದರು. ಅದನ್ನು ನೆನೆಯಬಾರದೆಂದುಕೊಂಡೇ ಅವನು ಬಂದಿದ್ದ.

“ಗುರುವಾರ ಎಂತ ಹೇಳ್ತೀ, ಕಾಸ್ಮಿರ್?”

“ನೋಡಿದ್ದನ್ನು ಹೇಳ್ತೇನೆ, ಮಾಮ್.”

“ಹೇಳು. ನೋಡಿದ್ದೆಲ್ಲ ಹೇಳು. ಮುಚ್ಚಳ ನಾನು ತೆಗೆಸಿದ್ದು ಹೇಳಿದರೆ, ನೀನು ಅವನನ್ನು ಕರೆದದ್ದೂ ಹೇಳ್ಬೇಕಾಗ್ತದೆ. ನೀನು ಅರ್ಧ ಹೇಳುವ ಜನ ಅಲ್ಲ. ಹಾಗೆ ಹೇಳಿದರೆ ನಮ್ಮ ವಕೀಲರಿಗೆ ಸಾಕಂತೆ. ಅದು ಕೆಲಸದಲ್ಲಿ ಆದ ಪೆಟ್ಟು ಅಲ್ಲ, ಹೊರಗಿನವನ ಜೊತೆ ಮಾತಿಗೆ ನಿಂತು ಮಾಡಿಕೊಂಡದ್ದು ಅಂತ ವಾದ ಮಾಡ್ತಾರಂತೆ. ಅದು ಬೇಡ, ನಿನ್ನ ಹೆಸರು ಹಾಳಾಗುದು ಬೇಡ ಅಂತ ಉಂಟಾದರೆ, ಬಾಗಿಲ ಹತ್ತಿರ ಇದ್ದೆ, ಒಂದೂ ಕಾಣಲಿಲ್ಲ ಅಂತ ಹೇಳು. ಎರಡರಲ್ಲಿ ಯಾವುದಾದರೂ ನನಗೆ ಅಡ್ಡಿ ಇಲ್ಲ.”

ಮಾತಿನಲ್ಲಿ ಬೆದರಿಕೆ ಇರಲಿಲ್ಲ. ಅದೇ ಕಷ್ಟ. ನಾಲ್ಕೂವರೆ ತಿಂಗಳಿಂದ ಅವನು ಹೇಳಿಬಿಡಬೇಕೆಂದು ಹಂಬಲಿಸುತ್ತಿದ್ದ ಒಂದೇ ಮಾತು, ‘ಕರೆದವನು ನಾನು’ ಎಂಬುದು, ಈ ಮನುಷ್ಯನ ವಕೀಲನಿಗೆ ಬೇಕಾದ ಮಾತೂ ಅದೇ. ಅವನ ಪಶ್ಚಾತ್ತಾಪಕ್ಕೆ ಇಲ್ಲಿ ಗಿರಾಕಿ ಇದ್ದಾನೆ. ಅದನ್ನು ನುಂಗಿ ಮುಚ್ಚಳದ ಮಾತೊಂದನ್ನೇ ಹೇಳಿದರೆ, ಆಣೆಯಿಟ್ಟು ಅರ್ಧ ಹೇಳಿದ ಹಾಗೆ. ಯಾವ ಕಡೆ ಹೊರಳಿದರೂ ತಾನೇ ಕಟ್ಟಿದ ಗೋಡೆ. ಹೊರಗೆ ಗರಗಸ ಓಡುತ್ತಿತ್ತು. ಅದರ ಮೇಲೆ ಹೊಸ ಹಸಿರು ಬಣ್ಣದ ಮುಚ್ಚಳ ಕೂತಿತ್ತು. ಮಾಮ್ ಗೇಟಿನವರೆಗೆ ಬಂದು ಬೀಳ್ಕೊಟ್ಟರು. ಅವನ ಅಂಗಿಯ ಬೆನ್ನಿಗೆ ಹತ್ತಿದ್ದ ಹುಡಿಯನ್ನು ತಟ್ಟಿ ತೆಗೆದರು.

ಬುಧವಾರ ಅವನು ಕಾಲೇಜಿಗೆ ರಜೆ ಹಾಕಿ ಸುಳ್ಯದ ಬಸ್ಸು ಹತ್ತಿದ, ಅಲ್ಲಿಂದ ಗುತ್ತಿಗಾರಿಗೆ ಇನ್ನೊಂದು. ಬಸ್ಸಿನಲ್ಲಿ ಪಕ್ಕದವನು ಎಲ್ಲಿಗೆ ಎಂದು ಕೇಳಿದಾಗ ಒಬ್ಬರನ್ನು ನೋಡಲಿಕ್ಕುಂಟು ಅಂದ. ಸೀಟಿನ ಸರಳಿಗೆ ಹಣೆ ತಾಗಿಸಿಕೊಂಡು ಅವನು ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದ. ಕುಕ್ಕಪ್ಪ ಇಷ್ಟು ದಿನ ಯಾರಿಗೂ ಅವನ ಹೆಸರು ಹೇಳಿಲ್ಲ. ಆಸ್ಪತ್ರೆಗೆ ಸಾಗಿಸುವಾಗ, ಜೀಪಿನಲ್ಲಿ, ಪ್ರಜ್ಞೆ ಇದ್ದಾಗಲೂ ಹೇಳಲಿಲ್ಲ. ಆ ಮೌನದಲ್ಲಿ ಏನೋ ದೊಡ್ಡದು ಉಂಟೆಂದು ಕಾಸ್ಮಿರ್ ನಂಬಿಕೊಂಡಿದ್ದ. ಒಬ್ಬ ಬಡವ, ಬೇರೆ ದೇವರನ್ನು ನಂಬುವವ, ತನ್ನ ಕೈ ತೆಗೆದವನನ್ನು ಸದ್ದಿಲ್ಲದೆ ಕ್ಷಮಿಸಿದ್ದಾನೆ ಎಂದು. ಆ ಕ್ಷಮೆಯನ್ನು ಕಾಲಿಗೆ ಬಿದ್ದಾದರೂ ಬಾಯಿಬಿಟ್ಟು ಕೇಳಿಕೊಳ್ಳಬೇಕು. ಆಮೇಲೆ ಗುರುವಾರ ಏನಾದರಾಗಲಿ. ಇದೇ ಹೊತ್ತಿನಲ್ಲಿ ಮನಸ್ಸಿನ ಇನ್ನೊಂದು ಮೂಲೆ, ಇದು ಮುನ್ನುಡಿಗೆ ಎಷ್ಟು ಒಳ್ಳೆಯ ಸಂಗತಿ ಎಂದು ಯೋಚಿಸಿತು. ಅವನು ಸರಳನ್ನು ಬಿಟ್ಟು ನೆಟ್ಟಗೆ ಕೂತ. ತನ್ನ ಬಗ್ಗೆ ಅಷ್ಟು ಹೇಸಿಗೆ ಅವನಿಗೆ ಆ ಮೊದಲು ಆಗಿರಲಿಲ್ಲ. ಮುಂದಿನ ತಿರುವಿಗೆ ಅದೂ ಆರಿಹೋಯಿತು.

ಬಸ್ಸಿಳಿದು ಮೈಲಿಯಷ್ಟು ನಡೆದರೆ ಕಾಡಿನ ಅಂಚಿಗೆ ಕುಕ್ಕಪ್ಪನ ಮನೆ. ಆನೆ ನುಗ್ಗಿದ ಕಡೆ ಬೇಲಿ ಮಲಗಿತ್ತು, ಬಾಳೆಗಳು ಬುಡ ಸಮೇತ ಮಗುಚಿ ಬಿದ್ದಿದ್ದವು. ಕುಕ್ಕಪ್ಪನ ಹೆಂಡತಿ ಕಮಲಾವತಿ ಗೂಟ ಹುಗಿಯುತ್ತಿದ್ದಳು. ಕುಕ್ಕಪ್ಪ ಎಡಗೈಯಲ್ಲಿ ಗೂಟ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ಮಣಿಕಟ್ಟಿಲ್ಲದ ಬಲತೋಳನ್ನು ಬೈರಾಸಿನಿಂದ ಮುಚ್ಚಿಕೊಂಡಿದ್ದ. ಮಾಸ್ಟ್ರನ್ನು ಕಂಡದ್ದೇ ಎದ್ದು ನಿಂತ. ಜಗಲಿಯಲ್ಲಿ ಕೂರಿಸಿ ಅವಳು ಬೆಲ್ಲದ ಕಾಫಿ ಕೊಟ್ಟಳು. ಸಾಹುಕಾರ್ರು ಮಿಲ್ಲಿನ ಕಾವಲಿಗೆ ಬಾ ಎಂದು ಹೇಳಿ ಕಳಿಸಿದ್ದರೆಂದೂ, ಆ ಸದ್ದು ಕೇಳುತ್ತ ದಿನವಿಡೀ ಕೂರಲು ತನ್ನಿಂದ ಆಗದೆಂದು ಬೇಡ ಅಂದೆನೆಂದೂ ಕುಕ್ಕಪ್ಪ ಹೇಳಿದ. ಪರಿಹಾರ ಸಿಕ್ಕಿದರೆ ಕಂದಕ ತೋಡಿಸಿ ಗಟ್ಟಿ ಬೇಲಿ ಹಾಕಿಸಬಹುದು, ಇಲ್ಲದಿದ್ದರೆ ಈ ಜಾಗ ಬಿಡಬೇಕು. ಆನೆ ಬಂದರೆ ಡಬ್ಬಿ ಬಡಿಯಲಿಕ್ಕೂ ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಬಡಿಯಬೇಕಲ್ಲ ಎಂದ. ದೂರುವಂತೆ ಹೇಳಲಿಲ್ಲ. ಕಾಸ್ಮಿರ್ ಜೋಡಿಸಿ ತಂದ ಮಾತುಗಳಲ್ಲಿ ಒಂದೂ ಇಲ್ಲಿಗೆ ಹೊಂದಲಿಲ್ಲ. ಕೊನೆಗೆ, ಆ ದಿನ ನಿಮ್ಮನ್ನು ಕರೆದದ್ದು ನಾನು, ಅದು ನನ್ನ ತಪ್ಪು ಎಂದಷ್ಟೇ ಅಂದ.

“ಗೊತ್ತುಂಟಲ್ಲ ಮಾಸ್ಟ್ರೆ,” ಎಂದ ಕುಕ್ಕಪ್ಪ. “ನನ್ನ ಕೈ ಅಲ್ವಾ.”

“ನೀವು ಯಾರಿಗೂ ಹೇಳ್ಲಿಲ್ಲ. ನನ್ನನ್ನು ಉಳಿಸ್ಲಿಕ್ಕೆ...”

ಕುಕ್ಕಪ್ಪನಿಗೆ ಆ ಮಾತು ಅರ್ಥವಾಗಲಿಲ್ಲ ಎಂದು ಅವನ ಮುಖದಲ್ಲೇ ಕಂಡಿತು. “ನಿಮ್ಮನ್ನು ಎಂತಕ್ಕೆ? ಹೇಳಿದ್ರೆ ಕೇಸು ಹೋಗ್ತದೆ ಅಂತ. ವಕೀಲರಿಗೂ ಹೇಳ್ಲಿಲ್ಲ ನಾನು.”

ಆಗ ಕಮಲಾವತಿ ಬಾಗಿಲ ಬಳಿಯಿಂದ ಈಚೆ ಬಂದಳು. ನಾಳೆ ಅಲ್ಲಿ ಅದನ್ನು ಹೇಳುತ್ತೀರಾ ಎಂದು ನೇರ ಕೇಳಿದಳು. ದೇವರ ಮೇಲೆ ಆಣೆ ಇಟ್ಟು ಮಾತನಾಡಬೇಕಾಗುತ್ತದೆ ಎಂದು ಅವನು ತೊದಲಿದ. ಅವಳು ಸೆರಗಿನಲ್ಲಿ ಕೈಯ ಮಣ್ಣು ಒರೆಸಿಕೊಂಡಳು.

“ನಿಮ್ಮ ದೇವರ ಹತ್ರ ನೀವು ಮಾತಾಡಿಕೊಳ್ಳಿ ಮಾಸ್ಟ್ರೆ. ಇವರ ಕೈ ಹೋದದ್ದಲ್ಲದೆ, ನೀವು ಹಗುರ ಆಗ್ಲಿಕ್ಕೆ ನಾವು ಈ ಮನೆಯನ್ನೂ ಬಿಡ್ಬೇಕಾ?”

ಕುಕ್ಕಪ್ಪ ಅವಳನ್ನು ಸುಮ್ಮನಿರು ಎಂದು ತಮ್ಮ ಮನೆಮಾತು ಅರೆಭಾಷೆಯಲ್ಲಿ ಗದರಿದ. ಗದರಿದನೇ ಹೊರತು ಅವಳ ಮಾತು ಸರಿಯಲ್ಲ ಎನ್ನಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಕಾಸ್ಮಿರ್ ಎದ್ದ. ಕುಕ್ಕಪ್ಪ ಬಿದ್ದ ಬೇಲಿಯವರೆಗೆ ಜೊತೆಗೆ ಬಂದ. ಅಲ್ಲಿ ನಿಂತು, ಸ್ವಲ್ಪ ಸಂಕೋಚದಿಂದಲೇ, ಬಹಳ ದಿನದಿಂದ ಕೇಳಬೇಕೆಂದಿದ್ದ ಒಂದು ಸಂಗತಿ ಕೇಳಿದ.

“ಆ ದಿನ ನೀವು ಎಂತ ಕೇಳಿದ್ದು ಮಾಸ್ಟ್ರೆ? ಹೆಸರು ಕರೆದದ್ದು ಕೇಳಿತು. ಮತ್ತೆ ಆ ಸದ್ದಿನಲ್ಲಿ ಒಂದೂ ಗೊತ್ತಾಗ್ಲಿಲ್ಲ. ಎಂತದೋ ಅರ್ಜೆಂಟು ಇರ್ಬೇಕು ಅಂತ ತಿರುಗಿದ್ದು ನಾನು.”

ನನ್ನ ಭಾಷಣದಲ್ಲಿ ನಿಮಗೆ ಯಾವ ಮಾತು ಹಿಡಿಸಿತು ಎಂದು ಕೇಳಿದ್ದೆ. ಇಷ್ಟು ಹೇಳಬೇಕಿತ್ತು. ಮಗುಚಿದ ಬಾಳೆಯ ಬುಡದಲ್ಲಿ ಆನೆಯ ಹೆಜ್ಜೆ ಮಣ್ಣಿನಲ್ಲಿ ಗುಂಡಗೆ ಮೂಡಿ, ಅದರೊಳಗೆ ನೀರು ನಿಂತಿತ್ತು. ಕಾಸ್ಮಿರ್ ಅದನ್ನು ನೋಡುತ್ತ, ಮನೆಯಿಂದ ಯಾರೋ ಕರೆಯುತ್ತಿದ್ದಾರೆ ಅಂತ ಗೇಟಿನಲ್ಲಿ ಹೇಳಿದರು, ಅದನ್ನು ನಿಮಗೆ ತಿಳಿಸಲು ಕರೆದದ್ದು, ಆಮೇಲೆ ನೋಡಿದರೆ ಅದು ಬೇರೆ ಕುಕ್ಕಪ್ಪನಿಗೆ ಎಂದ. ಹಾಗಾ ಎಂದ ಕುಕ್ಕಪ್ಪ. ಸಮಾಧಾನವಾದವನಂತೆ ತಲೆ ಆಡಿಸಿದ. ಬಸ್ಸಿನಲ್ಲಿ ಕೂತ ಮೇಲೆ, ತಾನು ಹೇಳಿದ್ದರಲ್ಲಿ ಉಳಿಸಿಕೊಂಡದ್ದು ಏನೂ ಇರಲಿಲ್ಲ, ಪೂರ್ತಿ ಸುಳ್ಳು ಎಂದು ಅವನಿಗೆ ಹೊಳೆಯಿತು. ಎಷ್ಟು ಸಲೀಸಾಗಿ ಬಂತು. ಬೇರೆ ಕುಕ್ಕಪ್ಪ ಎಂಬವನನ್ನೂ ಹುಟ್ಟಿಸಿಬಿಟ್ಟಿತು.

ಪ್ರವಾಸಿ ಬಂಗಲೆಯ ಊಟದ ಮೇಜಿನ ಮೇಲೆ ಖಾಕಿ ಬಟ್ಟೆ ಹಾಸಿದ್ದರು. ಮಂಗಳೂರಿನಿಂದ ಬಂದ ಅಧಿಕಾರಿ ಚಿಕ್ಕ ಪ್ರಾಯದವನು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಪ್ರತಿ ಉತ್ತರದ ನಂತರ ಗುಮಾಸ್ತನ ಟೈಪು ಮುಗಿಯುವವರೆಗೆ ಕರ್ಚೀಫು ಹಿಡಿದು ಕಾಯುತ್ತಿದ್ದ. ಗೋಡೆಗೆ ತಾಗಿ ಒಂದು ಬೆಂಚಿನಲ್ಲಿ ಕುಕ್ಕಪ್ಪ, ಕಮಲಾವತಿ, ಅವರ ವಕೀಲರು. ಎದುರಿಗೆ ಲಾದ್ರು ಮಾಮ್, ತಮ್ಮ ವಕೀಲರೊಂದಿಗೆ. ಕಾಸ್ಮಿರ್ ಆಣೆಯ ಮಾತುಗಳನ್ನು ಹೇಳಿದ. ಮುಚ್ಚಳದ ಪ್ರಶ್ನೆ ಬಂದಾಗ ಅವನ ಸ್ವರ ಗಟ್ಟಿಯಾಗಿತ್ತು: ಯಜಮಾನರು ಹೇಳಿದ್ದನ್ನು ಕೇಳಿದೆ, ಮೇಸ್ತ್ರಿ ತಿರುಪು ಬಿಚ್ಚಿದ್ದನ್ನು ನೋಡಿದೆ, ಮುಚ್ಚಳ ಗೋಡೆಗೆ ಒರಗಿತ್ತು. ಟೈಪಿನ ಸದ್ದು ಅದನ್ನೆಲ್ಲ ಕುಟ್ಟಿ ಕುಟ್ಟಿ ಸೇರಿಸಿಕೊಂಡಿತು. ಆಮೇಲೆ ಮಾಮ್‌ನ ವಕೀಲರು ಎದ್ದರು. ಬಹಳ ವಿನಯದ ಮನುಷ್ಯ, ಅಧ್ಯಯನ ಕೂಟಕ್ಕೂ ಬರುತ್ತಿದ್ದವರು. ಪೆಟ್ಟಾದ ಹೊತ್ತಿನಲ್ಲಿ ಕುಕ್ಕಪ್ಪ ಯಾರ ಜೊತೆಗಾದರೂ ಮಾತಾಡುತ್ತ ಇದ್ದನೇ ಎಂದು ಕೇಳಿದರು. ಇಲ್ಲ ಎಂದ ಕಾಸ್ಮಿರ್. ಅದು ನಿಜ, ಕುಕ್ಕಪ್ಪ ಬಾಯಿ ತೆರೆದಿರಲಿಲ್ಲ. ಯಾರಾದರೂ ಅವನ ಜೊತೆ ಮಾತಾಡಿದರೇ? ಗರಗಸ ಓಡುವಾಗ ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದಿಲ್ಲ ಎಂದ ಕಾಸ್ಮಿರ್. ಅದೂ ನಿಜ, ಕುಕ್ಕಪ್ಪನೇ ನಿನ್ನೆ ಹೇಳಿದ್ದು. ಒಂದೊಂದು ಮಾತೂ ಕೋಲಿನ ಮೇಲೆ ನಡೆದ ಹಾಗೆ ಬೀಳದೆ ದಾಟಿತು. ಹಳೆಯ ಪಂಡಿತರು ಎಷ್ಟು ಚೆನ್ನಾಗಿ ಈ ದಾರಿ ಹಾಕಿದ್ದಾರೆ ಎಂದು, ಬೆವರುತ್ತಿದ್ದಾಗಲೂ, ಅವನಿಗೆ ಮೆಚ್ಚುಗೆಯಂಥದು ಏನೋ ಸುಳಿಯಿತು. ವಕೀಲರು ಮಾಮ್‌ನ ಕಡೆ ನೋಡಿದರು. ಮಾಮ್ ಕಾಸ್ಮಿರನನ್ನೇ ನೋಡುತ್ತಿದ್ದರು, ಸಿಟ್ಟಿನಿಂದ ಅಲ್ಲ, ಬೆರಗಿನಿಂದ. ಅಷ್ಟರಲ್ಲಿ ಅಧಿಕಾರಿಯೇ ಮೂಗು ಒರೆಸಿಕೊಂಡು ತಲೆ ಎತ್ತಿದ.

“ಮಾಸ್ಟ್ರೇ, ಸುತ್ತು ಬಳಸು ಬೇಡ. ಆಗ ನೀವು ಅವನನ್ನು ಕರೆದಿರಾ, ಇಲ್ಲವಾ? ಅಷ್ಟು ಹೇಳಿ.”

ಆ ಪ್ರಶ್ನೆಯೊಳಗೆ ಕಾಲಿಡಲು ಎರಡನೆಯ ಜಾಗ ಇರಲಿಲ್ಲ. ಕಾಸ್ಮಿರ್ ಬೆಂಚಿನ ಕಡೆ ನೋಡಿದ. ಕುಕ್ಕಪ್ಪ ನೆಲ ನೋಡುತ್ತಿದ್ದ. ಕಮಲಾವತಿ ಕಿಟಕಿಯ ಆಚೆ ನೋಡುತ್ತಿದ್ದಳು, ಅವಳ ಕುತ್ತಿಗೆಯ ನರ ಎದ್ದಿತ್ತು.

“ಇಲ್ಲ,” ಎಂದ.

ಟೈಪು ಎರಡಕ್ಷರ ಕುಟ್ಟಿ ನಿಂತಿತು. ಆ ಸುಳ್ಳಿನಿಂದ ನಾಲಗೆಗೆ ಕಹಿಯೂ ಹತ್ತಲಿಲ್ಲ. ವಿಚಾರಣೆ ಮುಗಿದ ಮೇಲೆ ಬಂಗಲೆಯ ಮೆಟ್ಟಿಲಲ್ಲಿ ಅವನು ಸ್ವಲ್ಪ ಹೊತ್ತು ನಿಂತಿದ್ದ, ಕುಕ್ಕಪ್ಪನೂ ಕಮಲಾವತಿಯೂ ಬರಲಿ ಎಂದು. ಬಂದರು. ಸಾಕ್ಷಿಯ ಜೊತೆ ಮಾತಾಡಬಾರದೆಂದು ವಕೀಲರು ಹೇಳಿಕೊಟ್ಟಿದ್ದರೋ ಏನೋ, ಇಬ್ಬರೂ ಅವನನ್ನು ದಾಟಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಕುಕ್ಕಪ್ಪನ ತಲೆಯಲ್ಲಿ ಬೈರಾಸು ಇತ್ತು. ಅದನ್ನು ತೆಗೆಯಲು ಅವನು ಕೈ ಎತ್ತಲಿಲ್ಲ.

ಶನಿವಾರ ಪಾಪನಿವೇದನೆಗೆ ಹೋದ. ಜಾಲರಿಯ ಆಚೆ ಇಗರ್ಜಿಯ ವಿಗಾರರು, ಮುದಿ ಪಾದ್ರಿ, ಕೆಮ್ಮು ತಡೆದುಕೊಂಡು ಪೂರ್ತಿ ಕೇಳಿದರು. ಅಧಿಕಾರಿಗೆ ನಿಜ ಬರೆದು ತಿಳಿಸಲು ನಿನಗೆ ಮನಸ್ಸುಂಟಾ ಎಂದು ಕೇಳಿದರು. ಬರೆದರೆ ಆ ಮನೆ ಬೀಳುತ್ತದೆ, ಫಾದರ್ ಎಂದ. ಹಾಗಾದರೆ ಸುಳ್ಳು ಹೇಳಿದ್ದಕ್ಕೆ ಬೇಜಾರ ಉಂಟಾ, ಅಷ್ಟಾದರೂ? ಕಾಸ್ಮಿರ್ ಪ್ರಾಮಾಣಿಕವಾಗಿ ಹುಡುಕಿದ. ಬೇಜಾರ ಇತ್ತು, ಆದರೆ ಅದು ಸುಳ್ಳಿಗಾಗಿ ಅಲ್ಲ, ಸುಳ್ಳು ಹೇಳಬೇಕಾದವನು ತಾನಾದದ್ದಕ್ಕೆ. ಇನ್ನೊಮ್ಮೆ ಕೇಳಿದರೂ ಅದನ್ನೇ ಹೇಳುತ್ತಿದ್ದ. ಗೊತ್ತಿಲ್ಲ ಎಂದ. ಗೊತ್ತಾದ ಮೇಲೆ ಬಾ ಮಗಾ ಎಂದರು ವಿಗಾರರು, ಬೈಯದೆ. ಪಾಪವಿಮೋಚನೆ ಕೊಡಲಿಲ್ಲ. ಅವರು ಮಾಡಿದ್ದು ಸರಿ; ಪಶ್ಚಾತ್ತಾಪ ಇಲ್ಲದವನಿಗೆ ವಿಮೋಚನೆ ಇಲ್ಲ, ವಿಮೋಚನೆ ಇಲ್ಲದವನಿಗೆ ಪ್ರಸಾದ ಇಲ್ಲ ಎಂಬ ನಿಯಮವನ್ನು ಅವನೇ ಎಷ್ಟೋ ಶನಿವಾರ ಮಕ್ಕಳಿಗೆ ಹೇಳಿಕೊಟ್ಟಿದ್ದ. ಅಲ್ಲಿಂದ ಪ್ರತಿ ಭಾನುವಾರ ಪರಮಪ್ರಸಾದದ ಹೊತ್ತಿಗೆ ಬೆಂಚಿನ ಜನವೆಲ್ಲ ಎದ್ದು ಮುಂದೆ ಹೋಗುವಾಗ ಅವನು ಮೊಣಕಾಲು ಒಂದು ಬದಿಗೆ ಸರಿಸಿ ಅವರಿಗೆ ದಾರಿ ಮಾಡಿಕೊಟ್ಟು ಕೂತಲ್ಲೇ ಇದ್ದ. ಮೊದಲ ವಾರ, ಪ್ರಸಾದಕ್ಕೆ ಮುಂಚಿನ ಉಪವಾಸ ಮುರಿದಿರಬೇಕು ಅಂದುಕೊಂಡರು. ಮೂರನೆಯ ವಾರ ನೋಡತೊಡಗಿದರು. ಕಾಸ್ಮಿರನ ಮೊಣಕಾಲು ದಾಟುವಾಗ ಕೆಲವರು ಕ್ಷಮೆ ಕೇಳುವಂತೆ ತಲೆ ತಗ್ಗಿಸುತ್ತಿದ್ದರು, ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ನತಾಲಿಯಾ ಪ್ರಸಾದ ತೆಗೆದುಕೊಂಡು ಕಣ್ಣು ಮುಚ್ಚಿ ವಾಪಸು ಬಂದು ಅವನ ಪಕ್ಕ ಕೂರುತ್ತಿದ್ದಳು. ಅವರ ನಡುವೆ ಒಂದು ಪ್ರಾರ್ಥನೆ ಪುಸ್ತಕದಷ್ಟು ಅಂತರ ಇರುತ್ತಿತ್ತು. ಅವಳು ಈಗಲೂ ಏನೂ ಕೇಳಲಿಲ್ಲ. ಅಧ್ಯಯನ ಕೂಟದಲ್ಲಿ ಅಕ್ಟೋಬರಿನ ವಿಷಯ, ಸರಕಾರಿ ನೌಕರನ ಆತ್ಮಸಾಕ್ಷಿ. ಅವನು ಒಂದೂವರೆ ಗಂಟೆ ಮಾತನಾಡಿದ. ಎಂದಿಗಿಂತ ಚೆನ್ನಾಗಿ ಮಾತನಾಡಿದನೆಂದು ಡಾಕ್ಟರು ಹೇಳಿದರು.

ನವೆಂಬರಿನಲ್ಲಿ ಕುಕ್ಕಪ್ಪನ ಪರ ತೀರ್ಪಾಯಿತು. ಸುದ್ದಿಯನ್ನು ಸ್ಟಾಫ್ ರೂಮಿನಲ್ಲಿ ಯಾರೋ ಪತ್ರಿಕೆಯಿಂದ ಓದಿ ಹೇಳಿದರು. ತಾವ್ರೊ ಮಾಸ್ಟ್ರು ಹೆಂಡತಿಯ ಸ್ವಂತ ಸೋದರಮಾವನ ವಿರುದ್ಧ ಸಾಕ್ಷಿ ಹೇಳಿದ ಮನುಷ್ಯ ಎಂದು ಒಬ್ಬರು ಅವನ ಕೈ ಕುಲುಕಿದರು. ಕುಲುಕಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಜೇಬಿಗೆ ಹಾಕಿಕೊಂಡ. ಅನುವಾದ ಮುಗಿದಿತ್ತು, ಮುನ್ನುಡಿ ಇರಲಿಲ್ಲ. ಮುನ್ನುಡಿಯಿಲ್ಲದೆಯೇ ಅಚ್ಚಿಗೆ ಕಳಿಸಿದ.

ಡಿಸೆಂಬರಿನ ಎರಡನೆಯ ಭಾನುವಾರ ಊಟದ ನಂತರ ಲಾದ್ರು ಮಾಮ್ ಮನೆಗೆ ಬಂದರು. ತೀರ್ಪಿನ ನಂತರ ಅವರು ಈ ಕಡೆ ಸುಳಿದಿರಲಿಲ್ಲ. ನತಾಲಿಯಾ ಗಾಬರಿಯಿಂದ ಕುರ್ಚಿ ಎಳೆದಳು. ಅವರು ಅವಳ ತಲೆ ಸವರಿ, ಚಹ ಮಾಡು ಮಗಾ ಎಂದು ಒಳಗೆ ಕಳಿಸಿ, ಜಗಲಿಯಲ್ಲಿ ಕಾಲು ಚಾಚಿ ಕೂತರು. ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಹಿಂದೆಲ್ಲ ಅವನೆದುರು ಕೂರುವಾಗ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ ಮನುಷ್ಯ ಈಗ ತನ್ನ ಮನೆಯಲ್ಲಿ ಕೂತಂತೆ ಕೂತಿದ್ದರು. ಕ್ರಿಸ್ಮಸ್ಸಿಗೆ ಹಂದಿ ಯಾರ ಕೈಯಿಂದ ತೆಗೆದುಕೊಳ್ಳುವುದು ಎಂಬ ಮಾತಾಯಿತು. ನತಾಲಿಯಾಳ ಸೊಂಟಕ್ಕೆ ಇಚಿಲಂಪಾಡಿಯ ಒಬ್ಬ ಪಂಡಿತನ ಎಣ್ಣೆ ಒಳ್ಳೆಯದು ಎಂಬ ಮಾತಾಯಿತು. ಕಾಸ್ಮಿರ್ ತನ್ನೊಳಗೆ ದ್ವೇಷಕ್ಕಾಗಿ ತಡಕಾಡಿದ. ಸಿಕ್ಕಿದ್ದು ಬೇರೆ: ಒಂದು ಬಗೆಯ ಹಗುರ. ವಿಗಾರರು ಕರುಣೆ ತೋರುತ್ತಿದ್ದರು, ಊರು ಗೌರವ ಕೊಡುತ್ತಿತ್ತು, ಹೆಂಡತಿ ಸುಮ್ಮನಿರುತ್ತಿದ್ದಳು. ಅವನು ಸುಳ್ಳ ಎಂದು ತಿಳಿದೂ ಅವನ ಜೊತೆ ಹಾಯಾಗಿ ಕೂತವನು ಈ ಒಬ್ಬನೇ. ಅದು ಗೊತ್ತಾದದ್ದೇ ಅವನಿಗೆ ಎದ್ದು ಒಳಗೆ ಹೋಗಬೇಕೆನಿಸಿತು. ಹೋಗಲಿಲ್ಲ.

ಆಮೇಲೆ ಮಾಮ್ ಬಂದ ವಿಷಯ ಹೇಳಿದರು. ಮಿಲ್ಲನ್ನು ಭಾನುವಾರವೂ ಓಡಿಸುತ್ತಾರೆಂದು ಯಾರೋ ಅರ್ಜಿ ಹಾಕಿದ್ದಾರೆ. ಬುಧವಾರ ಫ್ಯಾಕ್ಟರಿ ಇನ್ಸ್‌ಪೆಕ್ಟರು ಬರುತ್ತಾನೆ. ಭಾನುವಾರ ಮಿಲ್ಲು ಮುಚ್ಚಿರುತ್ತದೆ, ಕೆಲಸದವರಿಗೆ ಆ ದಿನ ವಿಶ್ರಾಂತಿ ಕೊಡಬೇಕೆಂದು ನಮ್ಮ ಕೂಟದಲ್ಲಿ ನಿರ್ಣಯವೇ ಆಗಿದೆ ಎಂದು ಒಬ್ಬರು ತಿಳಿದವರು ಹೇಳಿದರೆ ಮುಗಿಯಿತು. ಕಾಸ್ಮಿರ್ ಕಿವಿಗೊಟ್ಟ. ಗುಡ್ಡೆಯ ಆ ಬದಿಯಿಂದ, ಭಾನುವಾರದ ಮಧ್ಯಾಹ್ನದ ಮೇಲೆ, ಗರಗಸದ ಸದ್ದು ಸಣ್ಣಗೆ ಬರುತ್ತಿತ್ತು. ಮಾಮ್‌ಗೂ ಅದು ಕೇಳಿಸುತ್ತಿತ್ತು.

“ಮಾಮ್, ಅದು ನನ್ನಿಂದ...”

“ಕುಕ್ಕಪ್ಪ ಹೇಗಿದ್ದಾನಂತೆ?” ಎಂದರು ಮಾಮ್, ಮರುಕದಿಂದಲೇ. “ಕಂದಕ ತೋಡಿಸ್ತಾ ಇದ್ದಾನೆ ಅಂತ ಯಾರೋ ಹೇಳಿದ್ರು. ಒಳ್ಳೆದಾಯ್ತು. ಮೇಲಿನ ಕೋರ್ಟಿಗೆ ಹೋಗ್ಲಿಕ್ಕೆ ಇನ್ನೂ ದಿನ ಉಂಟು ಅಂತ ನಮ್ಮ ವಕೀಲರದ್ದು ಒಂದೇ ಹಟ. ಆ ದಿನ ತ್ಯಾಂಪಣ್ಣನೂ ಬಾಗಿಲಲ್ಲಿ ಇದ್ದನಲ್ಲ, ಅವನನ್ನು ಕರೆಸುವ ಅಂತಾರೆ. ನಾನೇ ಬೇಡ ಅಂದೆ. ಪಾಪದವರು, ಅವರ ಬಾಯಿಗೆ ಯಾಕೆ ಮಣ್ಣು ಹಾಕುದು.”

ನತಾಲಿಯಾ ಚಹ ತಂದು ಇಬ್ಬರ ನಡುವೆ ಇಟ್ಟಳು. ಮಾಮ್ ಲೋಟ ಎತ್ತಿಕೊಂಡು ಊದಿ ಕುಡಿಯತೊಡಗಿದರು. ಉತ್ತರಕ್ಕೆ ಕಾಯುವ ಅವಸರ ಅವರಿಗೆ ಇರಲಿಲ್ಲ. ಕಾಸ್ಮಿರ್ ಅಂಗಳ ನೋಡಿದ, ಒಳಗೆ ಹೋಗುತ್ತಿದ್ದ ಹೆಂಡತಿಯ ಬೆನ್ನು ನೋಡಿದ. ಅವಳು ಬಾಗಿಲ ಬಳಿ ಒಂದು ಕ್ಷಣ ನಿಧಾನಿಸಿದಂತೆ ಅನಿಸಿತು, ಏನನ್ನೋ ಕೇಳಲು. ಆಮೇಲೆ ಒಳಗೆ ಹೋದಳು.

“ಬುಧವಾರ ಎಷ್ಟು ಗಂಟೆಗೆ ಬರಬೇಕು, ಮಾಮ್?” ಎಂದು ಕಾಸ್ಮಿರ್ ಕೇಳಿದ.